ಬದಲಿ ಕಣ್ಣು

"ಕಣ್ಣು ಮಿಟುಕ್ಸೇ ಮುಂಡೇದೆ! ಹುಟ್ಟಿದ್ದು ಲೈನ್ ಮನೇಲಿ, ಸೊಕ್ಕು ಮಾತ್ರ ಬಂಗ್ಲೇದು. ಮಿಷನ್ನು ಅಷ್ಟು ಮರ್ಯಾದೆಯಿಂದ ಕೇಳ್ತಿದೆಯಲ್ಲ, ಒಂದ್ಸಲ ಮಿಟುಕ್ಸಿದ್ರೆ ನಿಮ್ಮಪ್ಪನ ಗಂಟು ಹೋಗ್ತದಾ?"

ರೈಟರ್ ಬಸವರಾಜು ಹೀಗೆ ಬೈಯುತ್ತಿದ್ದದ್ದು ನನ್ನ ಅಕ್ಕ ಶಿಲ್ಪಾಳನ್ನು. ಅಕ್ಕನಿಗೆ ಕಣ್ಣಿಲ್ಲ. ಮೂರು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಗುಡ್ಡೆಗಳು ಒಳಕ್ಕೆ ಬತ್ತಿಹೋಗಿ ರೆಪ್ಪೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಇದು ಬಸವರಾಜುವಿಗೆ ಗೊತ್ತಿಲ್ಲದ ಸಂಗತಿಯಲ್ಲ. ಬಾಳೂರಿನ ಈ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷದಿಂದ ಬೆಳಗಿನ ಹಾಜರಿ ಕೂಗುವವನು ಅವನೇ. ಆದರೂ ಟ್ಯಾಬ್ ಕೇಳಿದ ಮೇಲೆ ಅಕ್ಕ ಮಿಟುಕಿಸಲೇಬೇಕು ಎನ್ನುವುದು ಅವನ ಹಟ.

ಟ್ಯಾಬ್ ಕೊಟ್ಟವರು ಎಸ್ಟೇಟಿನ ಸಾವ್ಕಾರ್ರು ಷಡಕ್ಷರಿಯವರು. ತೀರಿಹೋದ ತಾಯಿಯ ಹೆಸರಿನಲ್ಲಿ ಅವರು ಸರ್ವಮಂಗಳಾ ಪ್ರತಿಷ್ಠಾನ ಎಂದು ಮಾಡಿ, ಅಂಗವಿಕಲರು ಇದ್ದಲ್ಲೇ ಕೂತು ಕಂಪ್ಯೂಟರ್ ಕಲಿಯುವ ಆರು ತಿಂಗಳ ಆನ್‌ಲೈನ್ ಕೋರ್ಸ್ ತಂದಿದ್ದರು. ಮುಗಿಸಿದವರಿಗೆ ಸರ್ಟಿಫಿಕೇಟ್. ಚಿಕ್ಕಮಗಳೂರಿನ ಒಂದು ಕಚೇರಿಯಲ್ಲಿ ಫೋನ್ ಎತ್ತಿ ಮಾತಾಡುವ ಕೆಲಸವೊಂದು ಕಣ್ಣಿಲ್ಲದವರಿಗೆಂದೇ ಮೀಸಲಾಗಿ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಈ ಸರ್ಟಿಫಿಕೇಟ್ ಇದ್ದರೆ ಅಕ್ಕ ಅದಕ್ಕೆ ಅರ್ಜಿ ಹಾಕಬಹುದಿತ್ತು. ಅಕ್ಕನಿಗೆ ಇಪ್ಪತ್ತಾರು ವರ್ಷ. ಕೂಲಿಯವರ ಸಾಲುಮನೆಗಳಾದ ಲೈನ್‌ನ ಹೆಂಗಸರೆಲ್ಲ ತೋಟಕ್ಕೆ ಹೋದಾಗ ಅವರ ಕೂಸುಗಳನ್ನು ನೋಡಿಕೊಂಡವಳು ಅವಳೇ. ಅದಕ್ಕೆ ಹಾಜರಿಯಿಲ್ಲ. "ಕೂತಲ್ಲೇ ಕೂತಿರೋಳಿಗೆ ಎಂಥ ಹಾಜ್ರಿ?" ಎಂದಿದ್ದ ಬಸವರಾಜು. ಯಾವುದಾದರೂ ಒಂದು ಪುಸ್ತಕದಲ್ಲಿ ತನ್ನ ಹೆಸರಿರಬೇಕು, ಯಾರಾದರೂ ಅದನ್ನು ದಿನಾ ಕೂಗಬೇಕು ಎಂದು ಅಕ್ಕನಿಗೆ ಆಸೆ.

ಎಸ್ಟೇಟಿನಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ನಾವು ನಾಲ್ವರೂ ಟ್ಯಾಬಿನ ಸುತ್ತ ಕುಕ್ಕುರುಗಾಲಲ್ಲಿ ಕೂತಿದ್ದೆವು. ಅಕ್ಕ, ಅವ್ವ, ನಾನು, ಬೈಯಲು ಬಸವರಾಜು.

"ಕ್ಯಾಮೆರಾ ನೋಡಿ. ಕಣ್ಣು ಮಿಟುಕಿಸಿ," ಎಂದಿತು ಟ್ಯಾಬ್. ಸ್ವಲ್ಪ ಹೊತ್ತು ಕಾದು, "ಕ್ಷಮಿಸಿ. ನೀವು ಜೀವಂತ ವ್ಯಕ್ತಿ ಎಂಬುದು ದೃಢಪಟ್ಟಿಲ್ಲ," ಎಂದಿತು.

"ಸತ್ತೋರಿಗೆ ಯಾವ ಕೋರ್ಸ್ ಇದೆ ಅಂತ ಕೇಳೇ ಕವನಾ," ಎಂದಳು ಅಕ್ಕ.

ನಾನು ಪ್ರತಿಷ್ಠಾನದ ಹರ್ಷವರ್ಧನ ಅವರಿಗೆ ಫೋನ್ ಮಾಡಿದೆ. ಕೋರ್ಸಿನ ಉಸ್ತುವಾರಿ ಅವರದೇ. ಎರಡು ಸಲ ಕಟ್ ಆಯಿತು. ಮೂರನೇ ಸಲ ಅವರು ಸಮಾಧಾನವಾಗಿ ಹೇಳಿದರು: "ಸತ್ತೋರ ಫೋಟೋ ಇಟ್ಟು ಮೋಸ ಮಾಡ್ತಾರೆ ಅಂತ ಆ ವ್ಯವಸ್ಥೆ ಮೇಡಂ. ಕಣ್ಣಿಲ್ಲದೋರಿಗೆ ಬೇರೆ ದಾರಿ ಇದೆ. ಬಲಗಡೆ ಮೇಲೆ ನೀಲಿ ಗುರುತು ಕಾಣುತ್ತಲ್ಲ, ಅದನ್ನ ಅವರೇ ನೋಡಿ ಒತ್ತಬೇಕು."

ಅಕ್ಕನ ಬದಲು ನಾನೇ ನೋಡಿ ಒತ್ತಿದೆ. ಒಂಬತ್ತು ಸಣ್ಣ ಚಿತ್ರಗಳು ಬಂದವು. ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನೆಲ್ಲ ಆರಿಸಿ ಎಂದಿತ್ತು. ನಾನು ಒಂದೊಂದನ್ನೇ ಬಿಡಿಸಿ ಹೇಳುತ್ತಿದ್ದರೆ ಅವ್ವ ನನ್ನ ಕೈ ತಳ್ಳಿ ಮುಂದೆ ಬಂದಳು. ಮೂವತ್ತು ವರ್ಷ ಕಾಫಿ ಕೊಯ್ದ ಬೆರಳು ಅವಳದು. "ಕೆಂಪಿದ್ದಿದ್ದಷ್ಟೇ ಮುಟ್ಟು ಮಾರಾಯ್ತಿ. ಹಸ್ರು ಮುಟ್ಟಿದ್ರೆ ಬೈತಾರೆ," ಎನ್ನುತ್ತ ಕೆಂಪು ದೀಪ ಉರಿಯುತ್ತಿದ್ದ ಮೂರನ್ನು ಮಾತ್ರ ಟಕಟಕ ಒತ್ತಿದಳು. ಟ್ಯಾಬ್ ಒಪ್ಪಲಿಲ್ಲ. ಅವ್ವನಿಗೆ ಅವಮಾನವಾಯಿತು. "ಹಣ್ಣು ಬಿಟ್ಟು ಕಾಯಿನೂ ಕೊಯ್ಯಿ ಅನ್ನೋ ಇದೆಂಥ ಹಾಳು ಮಿಷನ್ನು!"

ದಾರಿ ತೋರಿಸಿದವಳೂ ಅವಳೇ. ನಮ್ಮ ಲೈನ್‌ನಲ್ಲಿ ಒಂದು ಪದ್ಧತಿಯಿದೆ. ಬೆಳಗಿನ ಮಂಜಿನಲ್ಲಿ ರೈಟರ್ ಹೆಸರು ಕೂಗುವಾಗ ಯಾವಳಾದರೂ ಕೂಸಿಗೆ ಹಾಲು ಕೊಡುತ್ತಲೋ ಹೊಟ್ಟೆನೋವಿಗೋ ಹಿಂದೆ ಬಿದ್ದಿದ್ದರೆ, ಪಕ್ಕದವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು "ಬಂದೀನ್ರೀ" ಅನ್ನುತ್ತಾಳೆ. ಅದನ್ನು ನಮ್ಮಲ್ಲಿ ಯಾರೂ ಸುಳ್ಳು ಎನ್ನುವುದಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಬಂದು ಕೆಲಸ ಮಾಡುತ್ತಾಳಲ್ಲ.

"ಇದೂ ಹಾಜ್ರಿನೇ ಅಲ್ದಾ?" ಎಂದಳು ಅವ್ವ. "ಕಲಿಯೋಳು ಅವಳು. ಬಂದೀನಿ ಅನ್ನೋಳು ಯಾರಾದ್ರೇನು? ನೀನು ಮಿಟುಕ್ಸೇ ಕವನಾ."

ನಾನು ಮುಖ ಒಡ್ಡಿ ಮಿಟುಕಿಸಿದೆ. ಹಸಿರು ಗುರುತು ಬಂತು. "ಅಭಿನಂದನೆಗಳು ಶಿಲ್ಪಾ. ನೀವು ಜೀವಂತ ವ್ಯಕ್ತಿ."

"ಹೂಂ, ಈಗ ಬಂತಲ್ಲ ದಾರಿಗೆ," ಎಂದು ಬಸವರಾಜು ಎದ್ದು ಪಂಚೆ ಕೊಡವಿಕೊಂಡ.

ಅಲ್ಲಿಂದ ಆರು ತಿಂಗಳು, ದಿನಾ ಸಂಜೆ ನಾಲ್ಕರಿಂದ ಐದರವರೆಗೆ, ನಾನು ಕ್ಯಾಮೆರಾದೆದುರು ಮುಖ ಇಟ್ಟುಕೊಂಡು ಕೂತೆ. ಬಿ.ಎ. ಮುಗಿಸಿ ತೋಟದ ಕೆಲಸ ಮಾಡುತ್ತಿದ್ದವಳು ನಾನು. ನಾಲ್ಕು ಜನರೆದುರು ನನ್ನ ಹೆಸರು ಹೇಳಲೂ ನನ್ನಿಂದ ಆಗುವುದಿಲ್ಲ. ಮಾತಿಲ್ಲದೆ ಮುಖ ಮಾತ್ರ ಕೊಡುವ ಈ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತ ಅಕ್ಕ ಕೀಬೋರ್ಡು ತೊಡೆಯ ಮೇಲಿಟ್ಟುಕೊಂಡು ಕಲಿಯುತ್ತಿದ್ದಳು.

ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಒಂದು ತಂತ್ರಾಂಶ ಕೊಟ್ಟಿದ್ದರು. ಲೈನ್‌ನವರು ಅದಕ್ಕೆ ಮಿಷನ್ನಮ್ಮ ಎಂದು ಹೆಸರಿಟ್ಟರು. ಮಿಷನ್ನಮ್ಮ ಎಲ್ಲವನ್ನೂ ಒಂದೇ ದನಿಯಲ್ಲಿ ಓದುತ್ತಿದ್ದಳು. ಆದರೆ ಕೋರ್ಸ್ ಮಾಡಿದವರು ಗುಂಡಿಗಳಿಗೆ ಹೆಸರೇ ಇಟ್ಟಿರಲಿಲ್ಲ. "ಬಟನ್. ಬಟನ್. ಬಟನ್. ಚಿತ್ರ ನಾನ್ನೂರ ಹನ್ನೆರಡು. ಬಟನ್," ಎನ್ನುತ್ತಿದ್ದಳು. ಪಾಠದ ಮೇಷ್ಟ್ರು, "ಈ ಕೆಂಪು ಬಾಣ ಕಾಣ್ತಿದೆಯಲ್ಲ, ಇದನ್ನ ಇಲ್ಲಿಂದ ಎಳೆದು ಹಿಂಗೆ ಇಲ್ಲಿಗೆ ಬಿಟ್ರೆ ಆಯ್ತು," ಎನ್ನುತ್ತಿದ್ದರು.

"ಎಲ್ಲಿಂದ ಎಳೆದು ಎಲ್ಲಿಗೆ ಬಿಟ್ನೇ ಪುಣ್ಯಾತ್ಮ?" ಎಂದು ಅಕ್ಕ ನನ್ನನ್ನು ಕೇಳುತ್ತಿದ್ದಳು.

ಅಕ್ಕ ಗುಂಡಿಗಳನ್ನು ಎಣಿಸಿ ಕಲಿತಳು. ಏಳನೆಯದು ಒತ್ತಿದರೆ ಪಾಠ, ಹನ್ನೊಂದನೆಯದು ಒತ್ತಿದರೆ ಪ್ರಶ್ನೆ, ಒಂಬತ್ತನೆಯದಕ್ಕೆ ಕೈ ತಾಗಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಮೂರು ಸಲ ಅಳಿಸಿಹೋಯಿತು. ಮೂರು ಸಲವೂ ಸೂಳೆಮಗನದು ಎಂದು ಬೈದು ಮತ್ತೆ ಮೊದಲಿಂದ ಬರೆದಳು. ಕೊಯ್ಲು ಶುರುವಾಗುವ ಹೊತ್ತಿಗೆ ಅವಳು ಮಿಷನ್ನಮ್ಮನ ವೇಗವನ್ನು ಎಷ್ಟು ಏರಿಸಿಕೊಂಡಿದ್ದಳೆಂದರೆ ನಮಗೆ ಕೇಳುತ್ತಿದ್ದುದು ಜೀರುಂಡೆಯ ಸದ್ದಷ್ಟೇ. ಅಕ್ಕ ಅದನ್ನು ಕೇಳಿ ನಗುತ್ತಿದ್ದಳು, ಅರ್ಜಿ ಬರೆಯುತ್ತಿದ್ದಳು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಬಂತು.

ಫೆಬ್ರವರಿಯಲ್ಲಿ ಹರ್ಷವರ್ಧನ ಜೀಪಿನಲ್ಲಿ ಬಂದರು. ಮೂಡಿಗೆರೆಯಲ್ಲಿ ಸರ್ಟಿಫಿಕೇಟ್ ಕೊಡುವ ಸಮಾರಂಭ, ಅದಕ್ಕೆ ಬ್ಯಾನರ್ ತಂದಿದ್ದರು. ಸಾವ್ಕಾರ್ರ ಬಂಗಲೆಯೆದುರು ಅದನ್ನು ಬಿಡಿಸಿದರು. ಎರಡಾಳುದ್ದ ನನ್ನ ಮುಖ. ಅದರ ಕೆಳಗೆ 'ಕಾಫಿ ನಾಡಿನ ಅಂಧ ಪ್ರತಿಭೆ ಶಿಲ್ಪಾ'.

"ಇವರ ಪಕ್ಕದಲ್ಲಿರೋದು ಯಾರು?" ಎಂದು ಹರ್ಷವರ್ಧನ ಅಕ್ಕನ ಕಡೆ ಕೈ ತೋರಿದರು.

"ಶಿಲ್ಪಾ," ಎಂದಳು ಅವ್ವ.

"ಹಾಗಾದ್ರೆ ಇವರು?"

"ಇವಳು ಬಂದೀನಿ ಅಂದೋಳು."

ಅರ್ಥ ಮಾಡಿಸಲು ಕಾಲು ಗಂಟೆ ಹಿಡಿಯಿತು. ಬಸವರಾಜು ತನಗೇನೂ ಗೊತ್ತೇ ಇಲ್ಲ ಎಂದು ಅಮ್ಮನಾಣೆ ಇಟ್ಟ. ಅಕ್ಕ ಮಾತಿನ ದಿಕ್ಕಿಗೆ ಎರಡು ಹೆಜ್ಜೆ ಇಟ್ಟಳು, ಜಗುಲಿಯ ಮೆಟ್ಟಿಲಿಗೆ ಅವಳ ಕಾಲು ತಾಗಿತು.

"ಏಯ್, ಇಳಿಯೇ ಕೆಳಗೆ! ಕಣ್ಣಿಲ್ದಿದ್ರೆ ಜಾತಿನೂ ಮರ್ತೋಗ್ತದಾ?" ಬಸವರಾಜು ಅವಳ ರಟ್ಟೆ ಹಿಡಿದು ಎಳೆದ.

ಷಡಕ್ಷರಿಯವರು ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತು ನಗುಮುಖದಿಂದ ಎಲ್ಲರನ್ನೂ ನೋಡುತ್ತಿದ್ದರು. ಅವರಿಗೆ ಕಿವಿ ಕೇಳುವುದಿಲ್ಲ. ಎಸ್ಟೇಟಿಗೆಲ್ಲ ಗೊತ್ತಿರುವ, ಯಾರೂ ಬಾಯಿ ಬಿಟ್ಟು ಆಡದ ಸಂಗತಿ ಅದು. ಕಿವಿಗೆ ಮಿಷನ್ ಹಾಕಿಕೊಳ್ಳಿ ಎಂದ ಡಾಕ್ಟರನ್ನೇ ಅವರು ಬಿಟ್ಟರಂತೆ. ಹಾಗಾಗಿ ಮುಖ್ಯವಾದ ಮಾತೆಲ್ಲ ಎದುರಿಗೇ ಇದ್ದರೂ ವಾಟ್ಸಾಪಿನಲ್ಲಿ ನಡೆಯುತ್ತದೆ. ಕನ್ನಡದ ಮೇಲೆ ಅವರಿಗೆ ಅಭಿಮಾನ, ಮೆಸೇಜನ್ನೂ ಕನ್ನಡ ಅಕ್ಷರದಲ್ಲೇ ಬರೆಯುವವರು. ಒಂದು ಮಾರು ದೂರದಲ್ಲಿ ನಿಂತಿದ್ದ ಹರ್ಷವರ್ಧನ ಎಲ್ಲವನ್ನೂ ಟೈಪ್ ಮಾಡಿ ಕಳಿಸಿದರು. ಸಾವ್ಕಾರ್ರು ಕನ್ನಡಕ ಏರಿಸಿ ಓದಿ, ದೊಡ್ಡ ದನಿಯಲ್ಲಿ ಉತ್ತರ ಕೊಟ್ಟರು.

"ಬ್ಯಾನರ್ ಪ್ರಿಂಟ್ ಆಗಿದೆ. ಜಿಲ್ಲೆಯಿಂದ ಮೇಡಂ ಬರ್ತಿದ್ದಾರೆ. ಈಗ ಕುರುಡಿ ಬದಲಾದ್ರೆ ಹೆಂಗ್ರೀ? ಇವಳೇ ಇರ್ಲಿ, ಮುಖ ಲಕ್ಷಣವಾಗಿದೆ. ಅದನ್ನ ತಗೊಂಡೋಗಿ ಸ್ಟೇಜ್ ಮೇಲೆ ನಿಲ್ಸಿದ್ರೆ ಬಂದೋರಿಗೆ ಊಟ ಸೇರ್ತದಾ?"

ಅದು ಎಂದದ್ದು ಅಕ್ಕನನ್ನು.

ಅಕ್ಕ ಕೇಳಿದಳು: "ಸಾರ್, ನನ್ ಸರ್ಟಿಫಿಕೇಟ್ ಮೇಲೆ ಅವಳ ಫೋಟೋ ಇದ್ರೆ ನಂಗೆ ಯಾವನು ಕೆಲ್ಸ ಕೊಡ್ತಾನೆ?"

"ಫೋಟೋ ಬದಲಾಯಿಸಬಹುದು," ಎಂದರು ಹರ್ಷವರ್ಧನ. "ಆದ್ರೆ ಅದಕ್ಕೆ ಹೊಸ ಫೋಟೋದವರು ಒಂದ್ಸಲ ಕಣ್ಣು ಮಿಟುಕಿಸ್ಬೇಕು." ಆಮೇಲೆ ದನಿ ತಗ್ಗಿಸಿದರು. "ನೋಡಿ, ಸಮಾರಂಭ ಒಂದು ಮುಗೀಲಿ. ನಿಮ್ಮ ಫೋಟೋ ಕೈಯಲ್ಲೇ ಅಂಟಿಸಿ ಸೀಲ್ ಹೊಡೆದು ಕೊಡ್ತೀನಿ. ಇಲ್ಲಾಂದ್ರೆ ಇದು ಮೋಸ ಅಂತ ಆಗುತ್ತೆ, ಸರ್ಟಿಫಿಕೇಟೇ ರದ್ದು. ಯೋಚನೆ ಮಾಡಿ."

ಯೋಚನೆ ಮಾಡಲು ಏನಿತ್ತು? ಅರ್ಜಿಗೆ ಕೊನೆಯ ದಿನ ಆ ತಿಂಗಳ ಇಪ್ಪತ್ತೆಂಟು.

ಮಾರನೆಯ ದಿನದಿಂದ ಕಣದಲ್ಲಿ ನನಗೆ ಕುರುಡಿಯಾಗುವ ತರಬೇತಿ. ಕೊಡುವವನು ಬಸವರಾಜು. ಒಣಗಲು ಹರವಿದ್ದ ಕಾಫಿಯ ನಡುವಿನ ದಾರಿಯಲ್ಲಿ ಅವನು ಎರಡು ಕೈ ಮುಂದೆ ಚಾಚಿ, ತಲೆ ಆಕಾಶಕ್ಕೆತ್ತಿ ನಡೆದು ತೋರಿಸಿದ. ನಾನೂ ಹಾಗೇ ನಡೆದೆ.

"ಹೆಂಗೆ ನಡೀತಿದಾಳೆ?" ಎಂದು ಅಕ್ಕ ಕೂಸೊಂದನ್ನು ತೊಡೆಯ ಮೇಲೆ ತಟ್ಟುತ್ತ ಕೇಳಿದಳು. ಅವ್ವ ಹೇಳಿದಳು. "ಅಯ್ಯೋ ಶಿವನೇ, ನಾನ್ಯಾವಾಗ ಹಂಗೆ ನಡೆದೆ, ಪಿಶಾಚಿ ಥರ? ಕೈ ಕೆಳಗಿಳ್ಸೇ ಕವನಾ. ಕಾಲಲ್ಲಿ ಕೇಳಿಸ್ಕೋ."

"ಏನೇ, ಕುರುಡ್ರು ಹೆಂಗಿರ್ತಾರೆ ಅಂತ ನಂಗೆ ಹೇಳಿಕೊಡ್ತೀಯಾ? ಜನಕ್ಕೆ ಗೊತ್ತಾಗ್ಬೇಕಲ್ಲ. ನಿನ್ನ ಥರ ನೆಟ್ಟಗೆ ನಡೆದ್ರೆ ಯಾರು ನಂಬ್ತಾರೆ?" ಎಂದು ಬಸವರಾಜು ಅವಳನ್ನು ಸುಮ್ಮನಾಗಿಸಿದ. ನನ್ನ ಕಣ್ಣು ಅತ್ತಿತ್ತ ಆಡುತ್ತದೆಂದು ಕರಿ ಕನ್ನಡಕದ ಒಳಗಡೆಗೆ ಇನ್ಸುಲೇಷನ್ ಟೇಪ್ ಅಂಟಿಸಿದ. ಹಾಕಿಕೊಂಡರೆ ಬೆಳಕಿನ ಎಳೆಯೂ ಕಾಣಲಿಲ್ಲ.

ಸಮಾರಂಭದ ದಿನ ಲೈನ್‌ನ ಹೆಂಗಸರನ್ನೆಲ್ಲ ಕುರ್ಚಿ ತುಂಬಲು ಜೀಪುಗಳಲ್ಲಿ ಒಯ್ದರು. ಅಕ್ಕನನ್ನು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ಕೂರಿಸಿದರು. ಪಕ್ಕದಲ್ಲಿ ಅವ್ವ. ವೇದಿಕೆಗೆ ಆರು ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಬಂದಿದ್ದ ಅತ್ತಿಗುಂಡಿಯ ಹುಡುಗಿಯೊಬ್ಬಳನ್ನು ಕುರ್ಚಿ ಸಮೇತ ನಾಲ್ಕು ಜನ ಎತ್ತಿದರಂತೆ, ಜನ ಚಪ್ಪಾಳೆ ಹೊಡೆದರು. ನನಗೆ ಕಂಡದ್ದು ಕತ್ತಲೆ. ಬಸವರಾಜು ನನ್ನ ಭುಜ ಹಿಡಿದು ಮೆಟ್ಟಿಲು ಹತ್ತಿಸಿ, "ಕೈ ಚಾಚೇ, ಕೈ ಚಾಚು," ಎಂದು ಹಲ್ಲು ಕಡಿದ. ಸಾವ್ಕಾರ್ರು ಮಾತಾಡಿದರು. ಪರದೆಯ ಮೇಲೆ ಕಾಣುವ ಚಿತ್ರಗಳೇ ಎಲ್ಲ ಹೇಳುತ್ತವೆ ಎಂದರು.

ಆಮೇಲೆ ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಪ್ರೇಮಲತಾ ಮೈಕ್ ಹಿಡಿದರು. ಒಳ್ಳೆಯ ಹೆಂಗಸಿರಬೇಕು. "ಭಾಷಣ ಸಾಕು. ಶಿಲ್ಪಾ, ನೀನು ಕಲಿತದ್ದನ್ನ ನಮಗೆ ತೋರಿಸಮ್ಮಾ. ನನಗೊಂದು ಪತ್ರ ಟೈಪ್ ಮಾಡು," ಎಂದರು.

ಇದು ಯಾರ ಕಾರ್ಯಕ್ರಮಪಟ್ಟಿಯಲ್ಲೂ ಇರಲಿಲ್ಲ. ಹರ್ಷವರ್ಧನರ ಲ್ಯಾಪ್‌ಟಾಪ್ ತಂದು ನನ್ನೆದುರು ಇಟ್ಟು, ಅದರಲ್ಲಿ ಮಿಷನ್ನಮ್ಮನನ್ನು ಶುರು ಮಾಡಿ, ಸಭಾಂಗಣದ ಸ್ಪೀಕರಿಗೆ ಜೋಡಿಸಿದರು. ನಾನು ಕೀಗಳ ಮೇಲೆ ಬೆರಳಿಟ್ಟೆ. "ಪಿ. ಪಿ. ಸ್ಪೇಸ್. ಅಳಿಸಲಾಗಿದೆ," ಎಂದಳು ಮಿಷನ್ನಮ್ಮ, ಸಭಾಂಗಣದ ನಾಲ್ಕೂ ಮೂಲೆಯಿಂದ. ಕಣ್ಣು ಕಟ್ಟಿಸಿಕೊಂಡ ನಾನು ಆ ಸಭೆಯಲ್ಲಿ ನಿಜಕ್ಕೂ ಏನೂ ಬಾರದ ಕುರುಡಿಯಾಗಿದ್ದೆ. ಯಾರೋ ಅಯ್ಯೋ ಪಾಪ ಎಂದರು. ಆ ಪಾಪ ಅಕ್ಕನ ಲೆಕ್ಕಕ್ಕೆ ಹೋಗುತ್ತಿದೆ ಅನ್ನಿಸಿತು. ಕುರುಡರಿಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದು ಇಡೀ ಸಭೆ ಮನೆಗೆ ಹೋಗಿ ಹೇಳುತ್ತದೆ.

ನಾನು ಕನ್ನಡಕ ತೆಗೆದೆ. ಮೈಕ್ ಎಲ್ಲಿದೆಯೆಂದು ಕಂಡಿತು.

"ನಂಗೆ ಬರಲ್ಲ ಮೇಡಂ. ನಾನು ಶಿಲ್ಪಾ ಅಲ್ಲ. ಶಿಲ್ಪಾ ಹಿಂದೆ ಕಂಬದ ಹತ್ರ ಕೂತಿದಾಳೆ. ಅಕ್ಕಾ, ಬಾರೇ."

ನನ್ನ ದನಿ ಅಷ್ಟು ದೊಡ್ಡದಿರುವುದು ನನಗೇ ಗೊತ್ತಿರಲಿಲ್ಲ. ಅಕ್ಕ ಎದ್ದಳು. ಒಂದೊಂದೇ ಸಾಲಿನ ಹೆಂಗಸರ ಭುಜ ಮುಟ್ಟುತ್ತ, "ಯಾರು, ತಂಗಮ್ಮಕ್ಕನಾ? ಸರಿ ಸ್ವಲ್ಪ," ಎನ್ನುತ್ತ ನೆಟ್ಟಗೆ ನಡೆದು ಬಂದು, ಆರು ಮೆಟ್ಟಿಲೂ ಹತ್ತಿ ಕೂತಳು. ಅವಳ ಬೆರಳು ಓಡಿತು. ಮಿಷನ್ನಮ್ಮ ಓದಿದಳು: "ಮಾನ್ಯರೇ. ನಾನು ಶಿಲ್ಪಾ. ನನ್ನ ಸರ್ಟಿಫಿಕೇಟಿನ ಮೇಲೆ ನನ್ನ ಮುಖ ಇಲ್ಲ. ನನ್ನ ಮುಖವನ್ನೇ ಹಾಕಿ ಕೊಡಬೇಕಾಗಿ ಕೋರುತ್ತೇನೆ."

ಪ್ರೇಮಲತಾ ಹರ್ಷವರ್ಧನರ ಕಡೆ ತಿರುಗಿದರು. ಹರ್ಷವರ್ಧನ, ಕೊಡಲೆಂದು ಲ್ಯಾಪ್‌ಟಾಪಿನ ಪಕ್ಕ ತಟ್ಟೆಯಲ್ಲಿಟ್ಟಿದ್ದ ಸರ್ಟಿಫಿಕೇಟನ್ನು ಮೆಲ್ಲಗೆ ಎಳೆದುಕೊಳ್ಳಲು ಹೋದರು. ಸದ್ದಿಗೆ ಅಕ್ಕ ಅದರ ಮೇಲೆ ಅಂಗೈ ಊರಿದಳು. ಅಷ್ಟರಲ್ಲಿ ಟಿಣ್ ಎಂದಿತು. ಹರ್ಷವರ್ಧನರ ವಾಟ್ಸಾಪ್ ಅದೇ ಲ್ಯಾಪ್‌ಟಾಪಿನಲ್ಲಿ ತೆರೆದಿತ್ತು.

"ಹೊಸ ಸಂದೇಶ. ಷಡಕ್ಷರಿ ಸರ್," ಎಂದಳು ಮಿಷನ್ನಮ್ಮ. "ಆ ಕುರುಡಿಯನ್ನು ಮೇಲೆ ಬಿಟ್ಟವನು ಯಾರು. ಪ್ರಶ್ನಾರ್ಥಕ ಚಿಹ್ನೆ. ಕೆಳಗಿಳಿಸಿ. ಸಿಟ್ಟಿನ ಕೆಂಪು ಮುಖ. ಸಿಟ್ಟಿನ ಕೆಂಪು ಮುಖ."

ವೇದಿಕೆಯ ನಡುವಿನ ಕುರ್ಚಿಯಲ್ಲಿ ಸಾವ್ಕಾರ್ರು ಫೋನನ್ನು ಶಾಲಿನ ಮರೆಗೆ ಹಿಡಿದು ನಗುಮುಖದಲ್ಲೇ ಕೂತಿದ್ದರು. ಅವರಿಗೆ ಏನೂ ಕೇಳಿರಲಿಲ್ಲ.

ಹರ್ಷವರ್ಧನ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಯಾವ್ಯಾವುದೋ ಕೀ ಒತ್ತಿದರು. "ತಪ್ಪು ಆಜ್ಞೆ. ತಪ್ಪು ಆಜ್ಞೆ," ಎಂದಳು ಮಿಷನ್ನಮ್ಮ.

ಟಿಣ್. "ಎಸ್ಟೇಟ್ ಆಫೀಸ್ ಗುಂಪು. ಷಡಕ್ಷರಿ ಸರ್. ಬಸವರಾಜು, ಹೋಗಿ ಅವಳನ್ನು ಎಳೆದು ತಾ."

ಟಿಣ್. "ಎಸ್ಟೇಟ್ ಆಫೀಸ್ ಗುಂಪು. ಬಸವರಾಜು ರೈಟರ್. ಸಾರ್ ಎಲ್ಲ ಕೇಳಿಸುತ್ತಿದೆ ಸಾರ್. ಕೈ ಮುಗಿದಿರುವುದು. ಕೈ ಮುಗಿದಿರುವುದು. ಕೈ ಮುಗಿದಿರುವುದು."

ಲೈನ್‌ನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ತಂಗಮ್ಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಹೊರಟಿತು. ಅಷ್ಟೇ, ಸಾಲು ಸಾಲಾಗಿ ನಗು ಹರಡಿತು. ಸಾವ್ಕಾರ್ರು ಬಸವರಾಜುವಿನ ಮೆಸೇಜ್ ಓದಲೇ ಇಲ್ಲ. ತಲೆಯೆತ್ತಿ ನಗುತ್ತಿದ್ದ ಸಭೆಯನ್ನು ನೋಡಿದರು, ತಲೆ ತಗ್ಗಿಸಿ ಬರೆದರು.

"ಷಡಕ್ಷರಿ ಸರ್. ಯಾಕೆ ನಗುತ್ತಿದ್ದಾರೆ. ಪ್ರಶ್ನಾರ್ಥಕ ಚಿಹ್ನೆ."

ಪ್ರೇಮಲತಾ ಮೇಡಂ ಕರವಸ್ತ್ರ ಬಾಯಿಗೆ ಹಿಡಿದುಕೊಂಡರು. "ಆಫ್ ಮಾಡಿ ಅದನ್ನ!" ಎಂದು ಹರ್ಷವರ್ಧನ ಅಕ್ಕನಿಗೆ ಕೈ ಮುಗಿದರು. "ಶಿಲ್ಪಾ ಅವ್ರೇ, ದಯವಿಟ್ಟು."

"ನೀವೇ ಒತ್ತಿ ಸಾರ್. ಪರದೆ ಮೇಲೆ ಗುರುತು ಕಾಣ್ತದಲ್ಲ," ಎಂದಳು ಅಕ್ಕ.

ಟಿಣ್. "ಎಸ್ಟೇಟ್ ಆಫೀಸ್ ಗುಂಪು. ಷಡಕ್ಷರಿ ಸರ್. ನಾಳೆಯಿಂದ ಕಲ್ಲಮ್ಮನಿಗೆ ಕೆಲಸ ಇಲ್ಲ. ಲೈನ್ ಮನೆ ಖಾಲಿ ಮಾಡಿಸಿ. ನಕ್ಕವರ ಹೆಸರೂ ಬರೆದುಕೊಳ್ಳಿ."

ಕತ್ತರಿಸಿದ ಹಾಗೆ ನಗು ನಿಂತಿತು. ಕಲ್ಲಮ್ಮ ಎಂದರೆ ನಮ್ಮ ಅವ್ವ. ಅವಳು ಕಂಬದ ಪಕ್ಕದಲ್ಲಿ ಎದ್ದು ನಿಂತದ್ದು ನನಗೆ ಕಂಡಿತು. ಸೆರಗು ಸರಿಮಾಡಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಇನ್ನೊಂದ್ಸಲ ಓದ್ಸವ್ವಾ," ಎಂದಳು. "ನಿಧಾನಕ್ಕೆ. ಎಲ್ರಿಗೂ ಕೇಳ್ಲಿ."

ತಂಗಮ್ಮಕ್ಕ ಎದ್ದಳು. ಅವಳ ಹಿಂದಿನ ಸಾಲು ಎದ್ದಿತು. ಕುರ್ಚಿಗಳ ಕಾಲು ಕಿರುಗುಟ್ಟುತ್ತ ಲೈನ್‌ನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ವೇದಿಕೆಯನ್ನೇ ನೋಡುತ್ತ ನಿಂತರು. ಅಕ್ಕ ಸರ್ಟಿಫಿಕೇಟಿನ ಮೇಲಿನ ಎಡಗೈ ತೆಗೆಯದೆ ಬಲಗೈಯಿಂದ ವೇಗ ಇಳಿಸಿದಳು, ದನಿ ಏರಿಸಿದಳು.

"ನಾಳೆಯಿಂದ," ಎಂದಳು ಮಿಷನ್ನಮ್ಮ. "ಕಲ್ಲಮ್ಮನಿಗೆ. ಕೆಲಸ. ಇಲ್ಲ."

ಇಡೀ ಸಭೆ ತನ್ನೆದುರು ಎದ್ದು ನಿಂತದ್ದನ್ನು ಕಂಡ ಷಡಕ್ಷರಿಯವರ ಮುಖ ಅರಳಿತು. ಫೋನನ್ನು ಜೇಬಿಗಿಳಿಸಿದರು. ಶಾಲು ಸರಿಪಡಿಸಿಕೊಂಡು ಕುರ್ಚಿಯಿಂದ ಎದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಎಲ್ಲರಿಗೂ ಕೈ ಮುಗಿಯತೊಡಗಿದರು.

"ಲೈನ್ ಮನೆ," ಎಂದಳು ಮಿಷನ್ನಮ್ಮ. "ಖಾಲಿ."